ಎಡಗಡೆಯ ಸೀಲು

ಕಳೆದ ತಿಂಗಳು ತೀರಿಕೊಂಡ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಚೆನ್ನೈಯಲ್ಲಿ ಮಣ್ಣಿನ ಹಾದಿಯ ಬೈಕ್ ಓಡಿಸುವವರಿಗೆ ಹೆಸರಿಲ್ಲದೆಯೂ ಅವರು ಯಾರೆಂದು ತಿಳಿಯುತ್ತದೆ. ಉಳಿದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ. ಅವರಿಂದ ನಾನು ಕಲಿತದ್ದು ಬಹಳ. ಅವರನ್ನು ನಾನು ಕ್ಷಮಿಸಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಯಾರೂ ಕಣ್ಣೀರು ನಿರೀಕ್ಷಿಸಬಾರದು.

ನಾನು ಮೈಸೂರಿನಿಂದ ಬಂದು ಕ್ರೋಂಪೇಟೆ ಕಡೆಯ ಒಂದು ವಾಹನ ಬಿಡಿಭಾಗಗಳ ಕಂಪನಿಗೆ ಸೇರಿದಾಗ ಅವರು ಅಲ್ಲಿ ಎಂಜಿನ್ ಪರೀಕ್ಷಾ ವಿಭಾಗದ ಮುಖ್ಯಸ್ಥರು. ಮೊದಲ ದಿನ ನಾನು ತಡವರಿಸುತ್ತ ಇಂಗ್ಲಿಷಿನಲ್ಲಿ ನನ್ನ ಪರಿಚಯ ಹೇಳಿಕೊಂಡೆ. ಅವರು ಕನ್ನಡಕವನ್ನು ಹಣೆಗೇರಿಸಿದರು.

"ಮೈಸೂರಾ? ಮತ್ತೆ ಇಷ್ಟು ಹೊತ್ತು ಎಂತಕ್ಕೆ ಇಂಗ್ಲಿಷಲ್ಲಿ ಪೀಟರ್ ಬಿಡ್ತಾ ಇದ್ದದ್ದು? ಕನ್ನಡದಲ್ಲಿ ಹೇಳ್ಲಿಕ್ಕೆ ಏನು ಕಷ್ಟ?"

ಅಂದಿನಿಂದ ನನ್ನನ್ನು ಅವರು ಕರೆದದ್ದು 'ಮೈಸೂರು' ಎಂದೇ. ನನ್ನ ನಿಜವಾದ ಹೆಸರು ಅವರ ಬಾಯಲ್ಲಿ ಬಂದದ್ದು ನೆನಪಿಲ್ಲ.

ಅವರ ತಂದೆ ಕುಂದಾಪುರದ ಕಡೆಯಿಂದ ಬಂದು ಪುರಸೈವಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಗೆ ನಿಂತವರು. ಆ ಹೋಟೆಲಿನ ಮೇಲಿನ ಕೋಣೆಗಳಲ್ಲಿ ಬೆಳೆದ ಮಗ ಅಣ್ಣಂದಿರ ಹಾಗೆ ಗಲ್ಲಾದ ಹಿಂದೆ ಕೂರದೆ ಎಂಜಿನಿಯರಿಂಗ್ ಓದಿದರು. ಆದರೂ ಹೋಟೆಲು ಅವರನ್ನು ಬಿಟ್ಟಿರಲಿಲ್ಲ. ಎಂಜಿನ್ ಬಿಚ್ಚಿದರೆ ಅದರ ಭಾಗಗಳನ್ನು ಹಳೆಯ ತಮಿಳು ಪೇಪರಿನ ಮೇಲೆ, ಎಲೆಯ ತುದಿಯಿಂದ ಉಪ್ಪು ಉಪ್ಪಿನಕಾಯಿ ಬಡಿಸುತ್ತ ಬಂದ ಹಾಗೆ, ಸಾಲಾಗಿ ಇಡುತ್ತಿದ್ದರು. ಆ ಸಾಲನ್ನು ಯಾರಾದರೂ ದಾಟಿ ಹೋದರೆ, "ಊಟದ ಎಲೆ ದಾಟ್ತೀಯಾ?" ಎಂದು ರೇಗುತ್ತಿದ್ದರು. ಅವರ ಕನ್ನಡದೊಳಗೆ ಕುಂದಾಪುರವೂ ಇತ್ತು, ತಮಿಳೂ ಇತ್ತು. ಒಂದು ವಾಕ್ಯ ಎಲ್ಲಿ ಹೊರಟು ಎಲ್ಲಿ ಮುಟ್ಟುತ್ತದೆಂದು ಹೇಳಲಾಗುತ್ತಿರಲಿಲ್ಲ. ನನ್ನ ಮೈಸೂರು ಕನ್ನಡವನ್ನು ಅಣಕಿಸುವುದು ಅವರಿಗೆ ಇಷ್ಟದ ಕೆಲಸವಾಗಿತ್ತು. ನಾನು ನಗುತ್ತಿದ್ದೆ. ಮನೆಯಿಂದ ದೂರ ಬಂದವಳಿಗೆ ಅಣಕಿಸುವ ಕನ್ನಡವೂ ಕನ್ನಡವೇ.

ಮಾಧವರಂನಲ್ಲಿ, ಹಾಲಿನ ಡೈರಿಯ ಹಿಂಭಾಗಕ್ಕೆ, ಅವರದೊಂದು ತಗಡಿನ ಶೆಡ್ ಇತ್ತು. ಭಾನುವಾರ ಬೆಳಿಗ್ಗೆ ಡರ್ಟ್ ಬೈಕ್ ಓಡಿಸುವವರು ಅಲ್ಲಿ ಸೇರುತ್ತಿದ್ದರು. ಮಳೆ ಬರದ ತಿಂಗಳುಗಳಲ್ಲಿ ಹತ್ತಿರದ ಕೆರೆಯ ಒಣಗಿದ ತಳವೇ ಅವರ ಅಭ್ಯಾಸದ ಮೈದಾನ. ನನಗೆ ಗೇರಿನ ಬೈಕ್ ಓಡಿಸಲು ಬರುತ್ತದೆಂದು ಗೊತ್ತಾದ ದಿನವೇ, "ಟಾರ್ ರೋಡಲ್ಲಿ ಓಡಿಸೋದೆಲ್ಲ ಓಡಿಸೋದಾ? ಭಾನುವಾರ ಬಾ" ಎಂದರು. ನಾನು ಎರಡು ಬಸ್ಸು ಬದಲಿಸಿ ಹೋದೆ. ಆ ಶೆಡ್ಡಿನಲ್ಲಿ ಅದಕ್ಕೆ ಮೊದಲು ಯಾವ ಹೆಂಗಸೂ ಗಾಡಿ ಹತ್ತಿರಲಿಲ್ಲ. ಯಾರೋ ಒಬ್ಬರು ಮೂಗು ಮುರಿದಾಗ ಅವರು ತಮಿಳಿನಲ್ಲಿ ಗದರಿ ಬಾಯಿ ಮುಚ್ಚಿಸಿದರು. ಇದನ್ನು ನಾನು ಮರೆತಿಲ್ಲ. ಮರೆಯಲು ಬಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಒಳ್ಳೆಯ ಗುರು ಅವರು. ಸೀಟಿನಿಂದ ಎದ್ದು ನಿಂತು ಓಡಿಸುವುದು, ತಿರುವಿಗೆ ಮೊದಲೇ ಕಣ್ಣು ತಿರುಗಿಸುವುದು, ದಿಬ್ಬದಿಂದ ಹಾರುವಾಗ ಮೊಣಕೈ ಸಡಿಲ ಬಿಡುವುದು, ಎಲ್ಲ ಅವರೇ ಹೇಳಿಕೊಟ್ಟರು. ಬಯ್ಯುತ್ತಲೇ ಹೇಳಿಕೊಟ್ಟರು, ಬೈದು ಮುಗಿಸಿದವರಿಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ತಮ್ಮ ಕೈಯಾರೆ ಕೊಡುತ್ತಿದ್ದರು. ಎಂಜಿನ್ನಿನ ಪಾಠವೂ ಅಲ್ಲೇ ನಡೆಯುತ್ತಿತ್ತು. ನಮ್ಮ ಗಾಡಿಗಳೆಲ್ಲ ಟು-ಸ್ಟ್ರೋಕ್. ಪಿಸ್ಟನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕಬೇಕು. ಒಂದು ಖಾಲಿ ಎಂಜಿನ್ನನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಅವರು ಹೇಳುತ್ತಿದ್ದರು:

"ನೋಡು ಮೈಸೂರು, ಇದು ಕೆಳಗಿನ ಹೊಟ್ಟೆಯಿಂದ ಉಸಿರಾಡುವ ಜಂತು. ಆ ಹೊಟ್ಟೆಗೆ ಎಡಗಡೆ ಒಂದು, ಬಲಗಡೆ ಒಂದು ರಬ್ಬರಿನ ಸೀಲು ಉಂಟು. ಎಲ್ಲಿಂದಾದ್ರೂ ಕಳ್ಳಗಾಳಿ ಹೊಕ್ಕಿತೋ, ಪೆಟ್ರೋಲು ತೆಳ್ಳಗಾಗ್ತದೆ. ಪೆಟ್ರೋಲು ಕಮ್ಮಿ ಅಂದ್ರೆ ಎಣ್ಣೆ ಕಮ್ಮಿ. ಪಿಸ್ಟನ್ ಕಾದು ಉಬ್ಬಿ ಗೋಡೆ ಕಚ್ಚಿಕೊಳ್ತದೆ. ಅಷ್ಟೇ. ಇದರಾಚೆ ವೇದಾಂತ ಇಲ್ಲ."

ಅವರ ಇನ್ನೊಂದು ಗುಣ ಹೇಳಬೇಕು. ಸಣ್ಣ ತಪ್ಪುಗಳನ್ನು ಅವರು ದೊಡ್ಡ ಗಂಟಲಿನಲ್ಲಿ ಒಪ್ಪಿಕೊಳ್ಳುತ್ತಿದ್ದರು. ಸ್ಪ್ಯಾನರ್ ಕಳೆದುಹೋದರೆ, "ನಾನೇ ಕಳೆದದ್ದು, ನಾನೇ ಮುಟ್ಟಾಳ್" ಎಂದು ಶೆಡ್ಡಿಗೆಲ್ಲ ಕೇಳುವಂತೆ ಸಾರುತ್ತಿದ್ದರು. ಕಾಫಿಗೆ ಸಕ್ಕರೆ ಹೆಚ್ಚಾದರೆ ಕೈಮುಗಿದು ಕ್ಷಮೆ ಕೇಳುತ್ತಿದ್ದರು. ಹಾಗಾಗಿ ತಪ್ಪು ಮಾಡಿದರೆ ಒಪ್ಪಿಕೊಳ್ಳುವ ಮನುಷ್ಯ ಎಂದು ಎಲ್ಲರೂ ಅವರನ್ನು ನಂಬಿದ್ದರು. ಒಪ್ಪಿಕೊಂಡಿಲ್ಲವೆಂದರೆ ಅವರು ತಪ್ಪು ಮಾಡಿಲ್ಲ ಎಂದೇ ಅರ್ಥ.

ವರ್ಷ ಕಳೆದ ಮೇಲೆ ನಾನೊಂದು ಹಳೆಯ ಗಾಡಿ ಕೊಂಡೆ. ಹೊರದೇಶದ ಕೆಂಪು ಬಣ್ಣದ ಟು-ಸ್ಟ್ರೋಕ್. ಕೆಳಗಿನ ಬೇರಿಂಗುಗಳು ಸವೆದಿದ್ದವು. ಅವರು ಎಂಜಿನ್ನನ್ನು ಎರಡಾಗಿ ಸೀಳಿ, ಹೊಸ ಬೇರಿಂಗು, ಹೊಸ ಸೀಲು ಹಾಕಿ, ಎರಡು ಭಾನುವಾರ ಕೂತು ಕಟ್ಟಿಕೊಟ್ಟರು. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಮುಗಿದ ಮೇಲೆ ಬಟ್ಟೆಯಿಂದ ಒರೆಸಿ, "ಇದು ಇನ್ನು ನಿನ್ನ ಮೊಮ್ಮಕ್ಕಳ ಕಾಲದವರೆಗೆ ಓಡ್ತದೆ" ಎಂದರು. ನಾನು ಅವರ ಕಾಲು ಮುಟ್ಟಿ ನಮಸ್ಕರಿಸಿದೆ.

ಕೆಲವೇ ವಾರಗಳಲ್ಲಿ ಅದು ಮೊದಲ ಸಲ ಸೀಜ್ ಆಯಿತು. ಕೆರೆಯ ತಳದಲ್ಲಿ ನೇರ ಹೋಗುತ್ತಿದ್ದೆ. ಎಂಜಿನ್ ಒಮ್ಮೆ ಕೀರಲು ದನಿ ತೆಗೆದು ಕಚ್ಚಿಕೊಂಡಿತು, ಹಿಂದಿನ ಚಕ್ರ ತಿರುಗದೆ ನೆಲ ಉಳುತ್ತ ಬಂತು. ಕ್ಲಚ್ ಹಿಡಿದು ಹೇಗೋ ನಿಂತೆ. ಅವರು ಬಿಚ್ಚಿ ನೋಡಿದರು. ಪಿಸ್ಟನ್ನನ್ನು ಬಿಸಿಲಿಗೆ ಹಿಡಿದು ಹೆಬ್ಬೆರಳಿನಿಂದ ಸುತ್ತಲೂ ಸವರಿದರು. ನಾಲ್ಕೂ ಕಡೆ ಗೀರು.

"ಕೋಲ್ಡ್ ಸೀಜ್. ಎಂಜಿನ್ ಬೆಚ್ಚಗಾಗುವ ಮೊದಲೇ ಹಿಂಡಿದ್ದೀಯ. ಬೆಳಿಗ್ಗೆ ಎದ್ದವನನ್ನು ಹಾಸಿಗೆಯಿಂದಲೇ ಓಡ್ಸಿದ್ರೆ ಬೀಳ್ದೆ ಇರ್ತಾನಾ?"

"ಬೆಚ್ಚಗೆ ಮಾಡಿದ್ದೆ ಸಾರ್."

"ಸಾಕಾಗ್ಲಿಲ್ಲ."

ಒಪ್ಪಿಕೊಂಡೆ. ಹೊಸ ಪಿಸ್ಟನ್ ಬಂತು. ಆಮೇಲೆ ನಾನು ಗಾಡಿ ಚಾಲೂ ಮಾಡಿ ಸಿಲಿಂಡರಿನ ಮೇಲೆ ಕೈಯಿಟ್ಟು, ಕೈ ಸುಡುವವರೆಗೆ ಕಾಯುತ್ತಿದ್ದೆ. ಉಳಿದವರು ಎರಡು ಸುತ್ತು ಮುಗಿಸಿರುತ್ತಿದ್ದರು. ನಾನಿನ್ನೂ ಶೆಡ್ಡಿನ ಮುಂದೆ ನಿಂತಿರುತ್ತಿದ್ದೆ. ಆದರೂ ಅದು ಮತ್ತೆ ಕಚ್ಚಿಕೊಂಡಿತು. ಈ ಸಲ ಗೀರು ಹೊಗೆ ಹೋಗುವ ಬದಿಗೆ ಮಾತ್ರ ಇತ್ತು. ಪ್ಲಗ್ ಬಿಳಿಚಿಕೊಂಡಿತ್ತು. ಬಿಳಿ ಪ್ಲಗ್ ಎಂದರೆ ಒಳಗೆ ಪೆಟ್ರೋಲು ಸಾಲದೆ ವಿಪರೀತ ಕಾದಿದೆ ಎಂದರ್ಥ. ಇದನ್ನು ಕಲಿಸಿದವರೂ ಅವರೇ.

"ಎಣ್ಣೆ ಬೆರೆಸಿದ್ದು ಯಾರು?"

"ನಾನೇ ಸಾರ್. ಅಳತೆಯ ಕಪ್ಪಿನಲ್ಲೇ ಹಾಕಿದ್ದೀನಿ."

"ಕಪ್ಪು ನೋಡಿದ್ದೀಯ, ಕೈ ನೋಡಿಲ್ಲ."

ಆಗ ನಾನು ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. "ಸಾರ್, ಇನ್ನೊಂದು ವಿಷ್ಯ. ಥ್ರಾಟಲ್ ಪೂರ್ತಿ ಮುಚ್ಚಿದ್ರೂ ಸದ್ದು ತಕ್ಷಣ ಇಳಿಯೋದಿಲ್ಲ. ಮೇಲೇ ನಿಂತ್ಕೊಂಡು ಆಮೇಲೆ ನಿಧಾನಕ್ಕೆ ಇಳೀತದೆ. ಎಲ್ಲಾದ್ರೂ ಕಳ್ಳಗಾಳಿ ಎಳೀತಿರಬಹುದಾ?"

ಅವರು ನನ್ನನ್ನು ನೋಡಲಿಲ್ಲ. ಕೈಯಲ್ಲಿದ್ದ ಪ್ಲಗ್ಗನ್ನು ಪೇಪರಿನ ಮೇಲೆ ಅದರ ಜಾಗದಲ್ಲಿಟ್ಟರು. "ಕೈ ಪೂರ್ತಿ ಬಿಡಲಿಕ್ಕೆ ಕಲಿ, ಸದ್ದು ತಾನಾಗೇ ಇಳೀತದೆ" ಎಂದರು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹರಿಯುವ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿ, ಪಿಸ್ಟನ್ ಬದಲಿಸಿ, ತಾವೇ ಗಾಡಿ ಹತ್ತಿ ಒಂದು ಸುತ್ತು ಹೊಡೆದು ಬಂದರು. ಹೆಲ್ಮೆಟ್ ತೆಗೆದು ಎಲ್ಲರಿಗೂ ಕೇಳುವಂತೆ, "ಬೆಣ್ಣೆ ಹಾಗೆ ಓಡ್ತದೆ" ಎಂದರು.

ಮೂರನೆಯ ಸಲ ಕೆಟ್ಟಾಗ ಎಲ್ಲರೂ ಅದನ್ನು ನಿರೀಕ್ಷಿಸಿದ್ದರು. ನಾನು ತಳ್ಳಿಕೊಂಡು ಬರುವುದನ್ನು ನೋಡಿ ಯಾರೋ "ಕೋಲ್ಡ್ ಸ್ಟಾರ್ಟ್ ಬಂದ್ಲು" ಎಂದರು. ನಗು ಎದ್ದಿತು. ಆ ಹೆಸರು ಅಂದೇ ಅಂಟಿತು. ಅವರೂ ನಕ್ಕರು. ಮೈಸೂರು ಎಂದು ಕರೆಯುತ್ತಿದ್ದವರು ಒಮ್ಮೊಮ್ಮೆ ಇದನ್ನೂ ಬಳಸತೊಡಗಿದರು. ಕಾರ್ಬ್ಯುರೇಟರನ್ನೇ ಬದಲಿಸಿದರು. ಕಾಯಿಲ್ ಬದಲಿಸಿದರು. ಪೆಟ್ರೋಲಿನಲ್ಲಿ ಕಲಬೆರಕೆ ಎಂದು ಬಂಕ್ ಬದಲಿಸಲು ಹೇಳಿದರು. ಎಂಜಿನ್ನಿನ ಮೇಲೆ, ಸುತ್ತ, ಹೊರಗೆ ಇದ್ದದ್ದನ್ನೆಲ್ಲ ಅನುಮಾನಿಸಿದರು. ಕೆಳಗಿನ ಹೊಟ್ಟೆಯ ಮಾತು ಎತ್ತಲಿಲ್ಲ.

ಎತ್ತಿದವನು ದಿನೇಶ್. ಶೆಡ್ಡಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸುತ್ತಿದ್ದ, ಅವರ ಮೆಚ್ಚಿನ ಶಿಷ್ಯ. "ಸಾರ್, ಒರು ತಡವೈ ಪ್ರೆಷರ್ ಟೆಸ್ಟ್ ಪಣ್ಣಿ ಪಾಕಲಾಮಾ?" ಎಂದು ಕೇಳಿದ. ಒಂದು ಸಲ ಪ್ರೆಷರ್ ಟೆಸ್ಟ್ ಮಾಡಿ ನೋಡೋಣವೇ ಎಂದು. ಎಂಜಿನ್ನಿನ ಒಳಬಾಯಿ ಹೊರಬಾಯಿ ಎರಡನ್ನೂ ಮುಚ್ಚಿ, ಪಂಪಿನಿಂದ ಗಾಳಿ ತುಂಬಿಸಿ, ಗಾಳಿ ನಿಲ್ಲುತ್ತದೋ ಸೋರುತ್ತದೋ ನೋಡುವ ಪರೀಕ್ಷೆ. ಸೋಪಿನ ನೀರು ಸವರಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ.

ಅವರು ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿದರು.

"ಅಂದ ಬಾಟಮ್ ನಾನ್ ಕಟ್ಟಿನದು," ಎಂದರು ತಮಿಳಿನಲ್ಲಿ. ಆ ಕೆಳಭಾಗ ನಾನು ಕಟ್ಟಿದ್ದು ಎಂದು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನನ್ನ ಕೈ ಮೇಲೆ ನಂಬಿಕೆ ಇಲ್ಲಾಂದ್ರೆ ಗಾಡಿ ಬೇರೆ ಕಡೆ ತಗೊಂಡು ಹೋಗು. ಆದ್ರೆ ಮತ್ತೆ ಈ ಶೆಡ್ಡಿಗೆ ಬರಬೇಡ" ಎಂದರು. ದಿನೇಶ್ ತಲೆ ತಗ್ಗಿಸಿ ತನ್ನ ಗಾಡಿಯ ಚೈನು ನೋಡತೊಡಗಿದ.

ನನಗೆ ಆಗ ಬೇರೆ ಶೆಡ್ಡಿರಲಿಲ್ಲ. ಕಂಪನಿಯಲ್ಲಿ ನನ್ನ ಮೇಲಿನವರೂ ಅವರೇ. ಇದಕ್ಕಿಂತ ಹೆಚ್ಚಾಗಿ, ಆ ಹೊತ್ತಿಗೆ ನನಗೇ ನನ್ನ ಕೈಯ ಬಗ್ಗೆ ಸಂಶಯ ಹುಟ್ಟಿತ್ತು. ಇಷ್ಟು ಬಲ್ಲವರು ಹೇಳುತ್ತಿದ್ದಾರೆಂದರೆ ನಾನೇ ಏನೋ ಮಾಡುತ್ತಿರಬೇಕು ಅನ್ನಿಸುತ್ತಿತ್ತು. ರಾತ್ರಿ ಮಲಗಿ, ಥ್ರಾಟಲ್ ಹಿಡಿ ತಿರುಗಿಸುವ ಹಾಗೆ, ಬಲಗೈ ಮುಷ್ಟಿಯನ್ನು ಗಾಳಿಯಲ್ಲಿ ತಿರುಗಿಸಿ, ಬಿಟ್ಟು, ತಿರುಗಿಸಿ ಅಭ್ಯಾಸ ಮಾಡುತ್ತಿದ್ದೆ.

ಶ್ರೀಪೆರಂಬದೂರಿನ ಕಡೆ ಒಂದು ಖಾಸಗಿ ಹೊಲದಲ್ಲಿ ಪಂದ್ಯ ನಡೆಯಿತು. ಕೊಯಮತ್ತೂರಿನ ಒಂದು ತಂಡ ಹೆಂಗಸರ ವಿಭಾಗಕ್ಕೆ ಒಬ್ಬಳನ್ನು ಹುಡುಕುತ್ತಿತ್ತು. ಆ ತಂಡದ ಮ್ಯಾನೇಜರ್ ನನ್ನ ಓಟ ನೋಡುವುದಾಗಿ ಮೊದಲೇ ಹೇಳಿ ಕಳಿಸಿದ್ದರು. ಆ ಬೆಳಿಗ್ಗೆಯೂ ನಾನು, "ಸಾರ್, ಸದ್ದು ಇನ್ನೂ ಹಾಗೇ ನಿಲ್ತದೆ" ಎಂದೆ. ಅವರು ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡುತ್ತ, "ಇವತ್ತು ಎಂಜಿನ್ ಬಗ್ಗೆ ಯೋಚಿಸಬೇಡ ಮಾರಾಯ್ತಿ. ಓಡ್ಸು" ಎಂದರು. ಪ್ರೀತಿಯಿಂದಲೇ ಹೇಳಿದರು.

ನಾನು ಮುಂದಿದ್ದೆ. ಇದನ್ನು ಹೇಳುವವರು ಈಗ ಯಾರೂ ಇಲ್ಲದ್ದರಿಂದ ನಾನೇ ಹೇಳಬೇಕು. ದೊಡ್ಡ ದಿಬ್ಬ ಹತ್ತುವಾಗ, ನೆಗೆತಕ್ಕೆ ಇನ್ನೇನು ಒಂದು ಕ್ಷಣವಿದೆ ಅನ್ನುವಾಗ, ಎಂಜಿನ್ ಕಚ್ಚಿಕೊಂಡಿತು. ಮುಂದಿನ ಚಕ್ರ ಕೆಳಮುಖವಾಯಿತು. ಗಾಡಿ ನನ್ನನ್ನು ಹ್ಯಾಂಡಲಿನ ಮೇಲಿಂದ ಎಸೆಯಿತು. ಬಿದ್ದದ್ದು ಬಲಗೈ ಮೇಲೆ. ಮೊಣಕೈಯಲ್ಲಿ ಮೂಳೆ ಪುಡಿಯಾಗಿತ್ತು.

ಆಸ್ಪತ್ರೆಗೆ ಅವರು ದಿನಾ ಬಂದರು. ಹೆಂಡತಿ ಕಲಸಿ ಕೊಟ್ಟ ಮೊಸರನ್ನವನ್ನು ಡಬ್ಬಿಯಲ್ಲಿ ತಂದು, ಮಂಚದ ಪಕ್ಕ ಕೂತು, ಚಮಚದಿಂದ ತಿನ್ನಿಸಿದರು. ಅವರ ಹೆಂಡತಿಯೂ ಒಮ್ಮೊಮ್ಮೆ ಬಂದು ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ನನಗೆ ಯಾವಾಗಲೂ ಒಂದು ತಟ್ಟೆ ಇತ್ತು. ಮೈಸೂರಿನಿಂದ ಅಮ್ಮ ಓಡಿಬಂದರು. ನಾನು ಬೈಕ್ ರೇಸಿಗೆ ಹೋಗುತ್ತೇನೆಂದು ಅಮ್ಮನಿಗೆ ತಿಳಿದದ್ದೇ ಆಸ್ಪತ್ರೆಯ ಫೋನಿನಿಂದ. ಸಾರ್ ಅಮ್ಮನಿಗೆ ಸಮಾಧಾನ ಹೇಳಿದರು: "ನಿಮ್ಮ ಮಗಳಿಗೆ ಧೈರ್ಯ ಉಂಟು. ಸ್ವಲ್ಪ ಅವಸರ, ಅಷ್ಟೇ." ಅಮ್ಮ ಕೈಮುಗಿದು, "ನೀವಿದ್ದಿದ್ದಕ್ಕೆ ಬದುಕಿದ್ಲು" ಎಂದರು.

ಒಂದು ದಿನ ಕೇಳಿದೆ. "ಗಾಡಿ ಬಿಚ್ಚಿ ನೋಡಿದ್ರಾ ಸಾರ್?"

ಚಮಚ ಡಬ್ಬಿಯಲ್ಲಿ ಒಂದು ಸುತ್ತು ತಿರುಗಿತು. "ಮೊದಲು ಕೈ ನೋಡ್ಕೋ. ಗಾಡಿ ಎಲ್ಲಿಗೂ ಹೋಗೋದಿಲ್ಲ."

ದಿನೇಶ್ ನೋಡಲು ಬಂದಾಗ ಮುಜುಗರದಿಂದ ಹೇಳಿದ. ಶೆಡ್ಡಿನಲ್ಲಿ ಎಲ್ಲರೂ ನಾನು ದಿಬ್ಬದ ಮೇಲೆ ಹೆದರಿ ಥ್ರಾಟಲ್ ಮುಚ್ಚಿದೆ ಎನ್ನುತ್ತಿದ್ದಾರಂತೆ. "ಯಾರು ಹೇಳಿದ್ದು?" ಎಂದೆ. "ಸಾರ್ ದಾನ್," ಎಂದ. ಸಾರೇ ಹೇಳಿದ್ದು.

ಮೊಣಕೈಗೆ ಉಕ್ಕಿನ ಪಟ್ಟಿ ಹಾಕಿದರು. ಕೈ ಉಳಿಯಿತು, ತಿರುಗುವುದು ಉಳಿಯಲಿಲ್ಲ. ಬಾಗಿಲ ಚಿಲಕ ತೆಗೆಯಲು, ಅನ್ನ ಕಲಸಲು ಸಾಕು. ಥ್ರಾಟಲ್ ತಿರುಗಿಸಲು ಸಾಲದು. ಕೊಯಮತ್ತೂರಿನವರು ಬೇರೊಬ್ಬಳನ್ನು ಆರಿಸಿಕೊಂಡರು. ನಾನು ಗಾಡಿಯನ್ನು ದಿನೇಶನಿಗೆ ಕೊಟ್ಟುಬಿಟ್ಟೆ.

ಅಲ್ಲಿಂದ ಮುಂದಿನದು ನನಗೆ ಬಿದ್ದ ಏಟಿಗಿಂತ ದೊಡ್ಡದು. ದಿನೇಶ್ ಅದೇ ಗಾಡಿಯನ್ನು ಮಳೆಗಾಲದವರೆಗೂ ಓಡಿಸಿದ. ಅದೇ ಎಂಜಿನ್, ಅದೇ ಶೆಡ್, ಅದೇ ಪೆಟ್ರೋಲು. ಅದು ಒಂದು ಸಲವೂ ಕೆಡಲಿಲ್ಲ. ಅವನು ಎರಡು ಪಂದ್ಯ ಗೆದ್ದ. ಇನ್ನು ಯಾರಿಗೂ ಏನೂ ಹೇಳುವ ಅಗತ್ಯವಿರಲಿಲ್ಲ. ಗಾಡಿಯಲ್ಲಿ ದೋಷವಿಲ್ಲ, ಓಡಿಸಿದವಳಲ್ಲಿ ಇತ್ತು ಎಂಬುದಕ್ಕೆ ಗಾಡಿಯೇ ಸಾಕ್ಷಿ ಹೇಳುತ್ತಿತ್ತು. ನಾನೂ ನಂಬಿದೆ. ಶೆಡ್ಡಿಗೆ ಹೋಗುವುದು ನಿಲ್ಲಿಸಿದೆ. ಕಂಪನಿಯಲ್ಲಿ ಎಂಜಿನ್ನುಗಳ ಸದ್ದು ಕೇಳದ ವಿಭಾಗಕ್ಕೆ ವರ್ಗ ಕೇಳಿ ಪಡೆದೆ. ಅವರು ನಿವೃತ್ತರಾದಾಗ ಹಾರ ಹಾಕುವವರ ಸಾಲಿನಲ್ಲಿ ನಿಂತೆ. ನನ್ನ ಕೈಯಿಂದ ಹಾರ ತೆಗೆದುಕೊಳ್ಳುವಾಗ, "ಹೇಗುಂಟು ಕೈ?" ಎಂದು ಕೇಳಿ, ಉತ್ತರ ಬರುವ ಮೊದಲೇ ಹಿಂದಿನವರ ಕಡೆ ತಿರುಗಿದರು.

ಈ ಬೇಸಗೆಯಲ್ಲಿ ಅವರ ಹೆಂಡತಿ ಫೋನ್ ಮಾಡಿದರು. "ಅವರಿಗೆ ಹುಷಾರಿಲ್ಲ ಮಾರಾಯ್ತಿ. ನಿನ್ನನ್ನು ಕೇಳ್ತಾ ಇದ್ದಾರೆ. ಒಮ್ಮೆ ಬಂದು ಹೋಗು."

ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಗದ್ದಲ ದಾಟಿ, ಹಿಂದಿನ ಗಲ್ಲಿಯ ಅವರ ಮಹಡಿ ಮನೆಗೆ ಹೋದೆ. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬಟ್ಟೆಯೊಳಗೆ ಮೈ ಎಲ್ಲಿದೆಯೆಂದು ಹುಡುಕಬೇಕಾಗಿತ್ತು. ಮೂತ್ರಪಿಂಡ ಎರಡೂ ಕೈಕೊಟ್ಟಿವೆಯೆಂದು ಅವರ ಹೆಂಡತಿ ಬಾಗಿಲಲ್ಲೇ ಪಿಸುಗುಟ್ಟಿ, ಕಾಫಿ ಮಾಡಲು ಒಳಗೆ ಹೋದರು.

"ಕೈ ಕೊಡು," ಎಂದರು.

ಬಲಗೈ ಚಾಚಿದೆ. ಮಣಿಕಟ್ಟು ಹಿಡಿದು, ಹಳೆಯ ಬೇರಿಂಗನ್ನು ಪರೀಕ್ಷಿಸುವ ಹಾಗೆ ಕಣ್ಣು ಮುಚ್ಚಿ ನಿಧಾನವಾಗಿ ತಿರುಗಿಸಿದರು. ಅದು ನಿಲ್ಲುವಲ್ಲಿಗೆ ಬಂದು ನಿಂತಿತು. ಅಲ್ಲೇ ಹಿಡಿದುಕೊಂಡರು.

"ಎಡಗಡೆ ಸೀಲು," ಎಂದರು. "ಅದರ ತುಟಿ ಒಳಕ್ಕೆ ಮಡಚಿಕೊಂಡಿತ್ತು. ಕ್ರ್ಯಾಂಕ್ ದಂಡ ಒಳಗೆ ಕೂರಿಸುವಾಗ ನಾನೇ ಮಡಚಿದ್ದು. ಅಲ್ಲಿಂದ ಗಾಳಿ ಎಳೀತಾ ಇತ್ತು."

ಕೆಳಗೆ ಬೀದಿಯಲ್ಲಿ ಸೀರೆ ಅಂಗಡಿಯವನು ಮೈಕಿನಲ್ಲಿ ಗಿರಾಕಿಗಳನ್ನು ಕರೆಯುತ್ತಿದ್ದ. ನಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಎಂದು ಅವರ ಮುಖ ನೋಡಿದೆ.

"ನಿಮಗೆ ಯಾವಾಗ ಗೊತ್ತಾಯ್ತು ಸಾರ್?"

"ನೀನು ಆಸ್ಪತ್ರೆಯಲ್ಲಿದ್ದಾಗ್ಲೇ. ಒಬ್ಬನೇ ಶೆಡ್ಡಿಗೆ ಹೋಗಿ ಟೆಸ್ಟ್ ಮಾಡಿದೆ. ಸೋಪಿನ ನೀರು ಹಾಕಿದ ಕೂಡ್ಲೇ ಗುಳ್ಳೆ ಬಂತು. ಸೀಲೂ ಪಿಸ್ಟನ್ನೂ ಬದಲಿಸಿ ಮುಚ್ಚಿದೆ."

"ಮೊಸರನ್ನ ತಂದು ತಿನ್ನಿಸ್ತಿದ್ರಲ್ಲ, ಆಗ್ಲೂ ಗೊತ್ತಿತ್ತಾ?"

ಹೂಂ ಎನ್ನುವಂತೆ ತಲೆಯಾಡಿಸಿದರು.

"ಮತ್ತೆ ನಾನು ಥ್ರಾಟಲ್ ಮುಚ್ಚಿದೆ ಅಂತ ಯಾಕೆ ಹೇಳಿದ್ರಿ?"

ಬಾಗಿಲಲ್ಲಿ ಅವರ ಹೆಂಡತಿ ಎರಡು ಲೋಟ ಹಿಡಿದು ಬಂದು ನಿಂತಿದ್ದರು. ಬಾಲ್ಕನಿಗೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಸಾರ್ ನನ್ನ ಕೈ ಬಿಟ್ಟು, ಬೀದಿ ನೋಡುತ್ತ ಹೇಳಿದರು:

"ನೀನಾದ್ರೂ ಇನ್ನೊಂದು ಸಲ ಗಟ್ಟಿಯಾಗಿ ಹೇಳಬಹುದಿತ್ತು, ಮೈಸೂರು."

ನಾನು ಅತ್ತಿದ್ದರೆ, ಕೂಗಾಡಿದ್ದರೆ ಈಗ ಬರೆಯಲು ಏನಾದರೂ ಇರುತ್ತಿತ್ತು. ಅಂಥದ್ದೇನೂ ಆಗಲಿಲ್ಲ. "ಇದನ್ನ ದಿನೇಶನಿಗೆ ಹೇಳಿ ಸಾರ್. ಅವನೊಬ್ಬನಿಗೆ ಹೇಳಿದ್ರೆ ಸಾಕು" ಎಂದೆ.

"ಹೇಳ್ತೇನೆ. ಅಪ್ಪುರಂ," ಎಂದರು. ಆಮೇಲೆ ಎಂದು.

ಕಾಫಿ ಕುಡಿಯದೆ ಎದ್ದು ಬಂದೆ. ಮತ್ತೆ ಹೋಗಲಿಲ್ಲ. ದಿನೇಶನಿಂದ ಫೋನ್ ಬರಬಹುದೆಂದು ಕೆಲವು ವಾರ ಕಾದೆ. ಕೊನೆಗೆ ಬಂತು. ಸಾರ್ ಹೋಗಿಬಿಟ್ಟರು ಎಂದು ಅಳುತ್ತಿದ್ದ.

ಶ್ರದ್ಧಾಂಜಲಿ ಸಭೆಯನ್ನು ಮಾಧವರಂನ ಶೆಡ್ಡಿನಲ್ಲೇ ಇಟ್ಟರು. ಫೋಟೋಗೆ ಹಾರ, ಮುಂದೆ ದೀಪ, ಎರಡೂ ಬದಿಗೆ ಒರೆಸಿ ನಿಲ್ಲಿಸಿದ ಗಾಡಿಗಳು. ಒಬ್ಬೊಬ್ಬರೇ ಎದ್ದು ಮಾತಾಡಿದರು. ತಪ್ಪು ಮಾಡಿದರೆ ಮಗುವಿನ ಹಾಗೆ ಒಪ್ಪಿಕೊಳ್ಳುತ್ತಿದ್ದ ಮನುಷ್ಯ ಎಂದು ಒಬ್ಬರು ಹೇಳಿದರು. ಸುಮಾರು ಜನ ತಲೆದೂಗಿದರು. ದಿನೇಶ್ ಕಣ್ಣೊರೆಸಿಕೊಳ್ಳುತ್ತ ಕೆಂಪು ಗಾಡಿಯ ಕತೆ ತೆಗೆದ. ಅಕ್ಕನ ಕೈಯಲ್ಲಿ ಮೂರು ದಿನ ಓಡದ ಗಾಡಿ ಸಾರ್ ಕಲಿಸಿದ ಹಾಗೆ ಓಡಿಸಿದ್ದಕ್ಕೆ ತನ್ನ ಕೈಯಲ್ಲಿ ಕುದುರೆಯಾಯಿತು ಎಂದ. "ನಮ್ಮ ಕೋಲ್ಡ್ ಸ್ಟಾರ್ಟ್ ಅಕ್ಕ ಇಲ್ಲೇ ಇದ್ದಾರೆ" ಎಂದು ನನ್ನ ಕಡೆ ಕೈ ತೋರಿಸಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಎಲ್ಲರೂ ನನ್ನನ್ನು ನೋಡಿ ಅಕ್ಕರೆಯಿಂದ ನಕ್ಕರು.

ನಾನು ಎದ್ದು ನಿಂತೆ. ತಮಿಳಿನಲ್ಲಿ, ಎಲ್ಲರಿಗೂ ಅರ್ಥವಾಗುವಂತೆ ಹೇಳಿದೆ. ಆ ಎಂಜಿನ್ನಿನ ಎಡಗಡೆಯ ಸೀಲು ಮಡಚಿತ್ತು. ಮಡಚಿದವರು ಸಾರ್. ನಾನು ಬಿದ್ದ ಮೇಲೆ ಪರೀಕ್ಷೆ ಮಾಡಿ, ಸೀಲು ಬದಲಿಸಿ, ಸುಮ್ಮನಿದ್ದವರೂ ಸಾರ್. ನಾನು ಥ್ರಾಟಲ್ ಮುಚ್ಚಿರಲಿಲ್ಲ. ಇದನ್ನು ಅವರೇ ನನಗೆ ಹೇಳಿದರು.

ಹಿರಿಯರೊಬ್ಬರು ಮೆತ್ತಗೆ, "ಇಪ್ಪೊ ಎದುಕ್ಕು ಮಾ ಇದೆಲ್ಲಾಂ?" ಎಂದರು. ಈಗ ಯಾಕಮ್ಮ ಇದೆಲ್ಲ. ದಿನೇಶ್ ನನ್ನನ್ನೇ ನೋಡುತ್ತಿದ್ದ. "ಸಾರ್ ಕೈಯಾ? ಚಾನ್ಸೇ ಇಲ್ಲ ಅಕ್ಕಾ," ಎಂದ. ಆಮೇಲೆ, ನ್ಯಾಯವಂತ ಹುಡುಗ, ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿಯ ಕಡೆ ತಿರುಗಿ ಕೇಳಿದ: "ಅಮ್ಮಾ, ಸಾರ್ ನಿಮಗೇನಾದರೂ ಹೇಳಿದ್ದರಾ?"

ಬಾಲ್ಕನಿಯ ಬಾಗಿಲಲ್ಲಿ ಎರಡು ಲೋಟ ಹಿಡಿದು ನಿಂತಿದ್ದವರು ಅವರು. ಒಂದೊಂದು ಮಾತೂ ಕೇಳಿಸಿಕೊಂಡವರು. ಸೆರಗು ಸರಿಮಾಡಿಕೊಂಡು, "ಎನಕ್ಕು ಮೆಷಿನ್ ವಿಷಯಂ ಎನ್ನ ತೆರಿಯುಂ?" ಎಂದರು. ಮೆಷಿನ್ನಿನ ವಿಷಯ ನನಗೇನು ಗೊತ್ತು.

ನಾನು ಕೂತೆ. ಮುಂದಿನವರು ಎದ್ದು ಮಾತು ಶುರು ಮಾಡಿದರು.

ಸಭೆ ಮುಗಿದು ನಾನು ಗೇಟಿನ ಕಡೆ ಹೊರಟಾಗ ಅವರ ಹೆಂಡತಿ ಹಿಂದಿನಿಂದ ಬಂದು ನನ್ನ ತೋಳು ಹಿಡಿದರು. ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ. ಕಣ್ಣು ಕೆಂಪಾಗಿತ್ತು.

"ಸಿಟ್ಟು ಮಾಡಬೇಡ ಮಾರಾಯ್ತಿ. ಅವರು ಹೋದ್ರು. ಇನ್ನು ಅವರಿಗೆ ಒಂದು ಹೆಸರು ಬಿಟ್ರೆ ಬೇರೆ ಎಂತ ಉಂಟು ಹೇಳು?"

"ನನಗೂ ಒಂದು ಇತ್ತಲ್ಲಮ್ಮ," ಎಂದೆ.

ಅವರು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಊಟಕ್ಕೆ ಎಲೆ ಹಾಕುವುದೋ ಬೇಡವೋ ಎಂದು ಕೂಗಿ ಕೇಳಿದರು. "ಬಂದೆ," ಎಂದು ಉತ್ತರ ಕೊಟ್ಟು, ನನ್ನ ತೋಳು ಬಿಟ್ಟು, ಒಳಗೆ ಹೋದರು.